ಗುಳಿಗೆಗೆ ತಮ್ಮನನ್ನು ಕಳೆದುಕೊಂಡ ಮನೆ: ‘ಹಾರ್ಟ್ ಅಟ್ಯಾಕ್’ ಅಂದುಬಿಟ್ಟ ಮೇಲೆ ಅಳುವುದು ಎಲ್ಲಿ ಕೂತು?

ಪ್ರಶ್ನೆ: ನಮ್ಮದು ಹುಬ್ಬಳ್ಳಿ. ನನ್ನ ತಮ್ಮ, 24 ವರ್ಷದವ, ತೀರಿಕೊಂಡು ಎರಡೂವರೆ ತಿಂಗಳಾಯಿತು. ಮೂರು ವರ್ಷದಿಂದ ನೋವಿನ ಗುಳಿಗೆ, ನಿದ್ದೆ ಗುಳಿಗೆ ಹಚ್ಚಿಕೊಂಡಿದ್ದ. 40 ದಿನ ವ್ಯಸನಮುಕ್ತಿ ಕೇಂದ್ರದಲ್ಲಿದ್ದು ಬಂದ. ಮನೆಗೆ ಬಂದ ಒಂಬತ್ತನೇ ದಿನ ರಾತ್ರಿ ಕುಡಿದು, ಗುಳಿಗೆಯನ್ನೂ ತಗೊಂಡು ಮಲಗಿದವ ಬೆಳಿಗ್ಗೆ ಏಳಲಿಲ್ಲ. ರಾತ್ರಿ ಜೋರು ಗೊರಕೆ ಹೊಡೆಯುತ್ತಿದ್ದ. ‘ಎಷ್ಟ ದಿನಾ ಆಗಿತ್ತು ಹಿಂಗ ಮಲಗಿ, ಮಲಗಲಿ ಬಿಡು’ ಅಂತ ಅವ್ವ ಚಾದರ ಹೊದಿಸಿ ಬಂದಿದ್ದಳು. ಪೋಸ್ಟ್‌ಮಾರ್ಟಂ ಆಗಿದೆ, ಪೂರ್ತಿ ವರದಿ ಬಂದಿಲ್ಲ. ಅಪ್ಪ ಎಲ್ಲರಿಗೂ ಹಾರ್ಟ್ ಅಟ್ಯಾಕ್ ಅಂತ ಹೇಳಿದ್ದಾರೆ. ಅವ್ವ ಈಗಲೂ ರಾತ್ರಿ ಎರಡಕ್ಕೆ ಎದ್ದು ಬಾಗಿಲ ಹತ್ತಿರ ಕೂಡುತ್ತಾಳೆ. ಅವನ ಬೈಕು ಮನೆ ಮುಂದೆ ಹಾಗೇ ನಿಂತಿದೆ. ಮುಂದಿನ ತಿಂಗಳು ಪಂಚಮಿ. ನಮ್ಮಂಥವರು ಹೋಗಿ ಮಾತಾಡುವ ಜಾಗ ಇದೆಯಾ? ಇಲ್ಲದಿದ್ದರೆ ನಾವೇ ಒಂದು ಗುಂಪು ಶುರು ಮಾಡಬಹುದಾ?

ಉತ್ತರ: ಗುಂಪಿನ ವಿಷಯಕ್ಕೆ ಬರುತ್ತೇವೆ. ಅದಕ್ಕೂ ಮೊದಲು ಆ ಗೊರಕೆ, ಆ ಚಾದರ. ನಿಮ್ಮ ಅವ್ವನ ಎದೆಯ ಮೇಲೆ ಕೂತಿರುವುದು ಅದೇ. ಅದು ಇಳಿಯದೆ ಯಾವ ಗುಂಪಿನಲ್ಲೂ ಅವರ ಬಾಯಿ ಬಿಡಿಸಲಾಗದು.

ನೋವಿನ ಗುಳಿಗೆಗಳಲ್ಲಿ ಟಪೆಂಟಡಾಲ್, ಟ್ರಮಡಾಲ್‌ನಂಥವು ಅಫೀಮಿನ ಹಾಗೆ ಕೆಲಸ ಮಾಡುತ್ತವೆ. ಅವು, ನಿದ್ದೆ ಗುಳಿಗೆ, ಸಾರಾಯಿ, ಮೂರೂ ಮೆದುಳಿನಲ್ಲಿ ಉಸಿರಾಟ ನಡೆಸುವ ಜಾಗವನ್ನು ಮಂಕು ಮಾಡುತ್ತವೆ. ಒಂದೊಂದೇ ಆದರೆ ಮೈ ತಡೆದುಕೊಳ್ಳಬಹುದು. ಮೂರೂ ಸೇರಿದರೆ ಒಂದರ ಮಂಕಿನ ಮೇಲೆ ಇನ್ನೊಂದರ ಮಂಕು ಕೂಡುತ್ತದೆ. ಗಂಟಲಿನ ಸ್ನಾಯು ಸಡಿಲವಾಗಿ, ನಾಲಿಗೆ ಹಿಂದಕ್ಕೆ ಬಿದ್ದು, ಗಾಳಿಯ ದಾರಿ ಅರ್ಧ ಮುಚ್ಚುತ್ತದೆ. ಆಗ ಬರುವ ಸಪ್ಪಳ ಗೊರಕೆಯ ಹಾಗೇ ಇರುತ್ತದೆ. ಹೇಳಿಕೊಟ್ಟಿರದವರ ಕಿವಿಗೆ ಅದು ಗಾಢ ನಿದ್ದೆಯೇ. ಇಂಥ ಸಾವು ಕಂಡ ಮನೆಗಳಲ್ಲಿ ‘ಗೊರಕಿ ಹೊಡಿಯಾಕತ್ತಿದ್ದ’ ಅನ್ನುವ ಮಾತು ಮತ್ತೆ ಮತ್ತೆ ಕೇಳಿಬರುತ್ತದೆ. ನಿಮ್ಮ ಅವ್ವ ಒಬ್ಬರೇ ಅಲ್ಲ.

ಎರಡನೆಯದು ಆ ಒಂಬತ್ತು ದಿನ. ದಿನಾ ಗುಳಿಗೆ ತಗೊಳ್ಳುವವರ ಮೈ ಅದಕ್ಕೆ ಒಗ್ಗಿರುತ್ತದೆ. ಬಿಟ್ಟ ಕೆಲವು ವಾರಗಳಲ್ಲಿ ಆ ಒಗ್ಗುವಿಕೆ ಹೊರಟುಹೋಗುತ್ತದೆ. ಮನಸ್ಸಿಗೆ ಹಳೆಯ ಅಳತೆ ನೆನಪಿರುತ್ತದೆ, ಮೈಗೆ ಇರುವುದಿಲ್ಲ. ಹಾಗಾಗಿ ಕೇಂದ್ರದಿಂದಾಗಲಿ ಜೈಲಿನಿಂದಾಗಲಿ ಹೊರಬಂದ ಮೊದಲ ಎರಡರಿಂದ ನಾಲ್ಕು ವಾರ ಎಲ್ಲಕ್ಕಿಂತ ಅಪಾಯದ ಕಾಲ. ಬಿಡುಗಡೆಯ ದಿನ ಮನೆಯವರನ್ನು ಕೂರಿಸಿ ಈ ಎರಡು ಮಾತು ಹೇಳುವುದು ಕೇಂದ್ರದ ಕೆಲಸ. ಎಷ್ಟೋ ಕಡೆ ಬಿಲ್ಲು ಕೊಟ್ಟು, ‘ಇನ್ನ ಆರಾಮ ಇದ್ದಾನ, ಕರಕೊಂಡು ಹೋಗ್ರಿ’ ಅನ್ನುವಲ್ಲಿಗೆ ಮುಗಿಯುತ್ತದೆ. ಅವನನ್ನು ಕೇಂದ್ರಕ್ಕೆ ಕಳಿಸಿದ್ದು ನಿಮ್ಮ ತಪ್ಪಲ್ಲ. ಕಳಿಸಿದ ಮೇಲೆ ತಿಳಿಯಬೇಕಾಗಿದ್ದನ್ನು ನಿಮಗೆ ಯಾರೂ ತಿಳಿಸಲಿಲ್ಲ.

ಇದನ್ನೆಲ್ಲ ಅವ್ವನಿಗೆ ನೀವೇ ಹೇಳಲು ಹೋಗಬೇಡಿ. ಮಗಳು ‘ನಿಂದೇನ ತಪ್ಪಿಲ್ಲ ಬಿಡಬೇ’ ಅಂದರೆ ತಾಯಿಗೆ ಅದು ಸಮಾಧಾನದ ಮಾತಾಗಿ ಕೇಳುತ್ತದೆಯೇ ಹೊರತು ಸಂಗತಿಯಾಗಿ ಕೇಳುವುದಿಲ್ಲ. ವೈದ್ಯರ ಬಾಯಿಂದ ಕೇಳಲಿ. ಮನೋವೈದ್ಯರಾಗಲಿ, ನಿಮಗೆ ಗೊತ್ತಿರುವ ಜನರಲ್ ಫಿಸಿಷಿಯನ್ ಆಗಲಿ, ಹದಿನೈದು ನಿಮಿಷ ಬಿಡುವು ಕೇಳಿಕೊಳ್ಳಿ. ‘ಉಸಿರಾಟ ಹೇಗೆ ನಿಂತಿತು, ಗೊರಕೆ ಯಾಕೆ ಬಂತು, ಒಳಗೆ ಅವನಿಗೆ ತ್ರಾಸಾಯಿತಾ, ಇಷ್ಟನ್ನು ನಮ್ಮ ಅವ್ವನಿಗೆ ಕನ್ನಡದಲ್ಲಿ ಹೇಳಬೇಕ್ರಿ’ ಅಂತ ಮೊದಲೇ ತಿಳಿಸಿ. ಅವ್ವ ಖಂಡಿತ ಕೇಳುವ ಪ್ರಶ್ನೆ ಒಂದಿದೆ: ‘ನಾ ಎಬ್ಬಿಸಿದ್ರ ಉಳೀತಿದ್ನೇನ್ರಿ?’ ಇದಕ್ಕೆ ‘ಇಲ್ಲ’ ಅನ್ನುವ ಸುಳ್ಳು ಉತ್ತರ ಬೇಡ. ಅದು ಮುಂದೆ ಎಲ್ಲೋ ಒಡೆಯುತ್ತದೆ. ‘ಬೇಗ ದವಾಖಾನೆಗೆ ಬಂದಿದ್ದರೆ ಉಳಿಯುವ ಸಾಧ್ಯತೆ ಇತ್ತು. ಆದರೆ ಅದು ಅಪಾಯದ ಗೊರಕೆ ಅಂತ ನಿಮಗೆ ತಿಳಿಯುವ ದಾರಿ ಇರಲಿಲ್ಲ.’ ಎರಡೂ ವಾಕ್ಯ ಬೇಕು. ಮೊದಲನೆಯದನ್ನು ಬಿಟ್ಟರೆ ಎರಡನೆಯದನ್ನು ಅವರು ನಂಬುವುದಿಲ್ಲ.

ಹಾರ್ಟ್ ಅಟ್ಯಾಕ್ ಎಂಬ ಉತ್ತರಕ್ಕೆ ಬರೋಣ. ಅಪ್ಪನನ್ನು ಬೈಯುವ ಕಾರಣವಿಲ್ಲ. ಆ ಹೊತ್ತಿನಲ್ಲಿ, ಮಣ್ಣಿಗೆ ಬಂದ ಇಷ್ಟು ಜನರ ನಡುವೆ, ಬಾಯಿಗೆ ಬಂದ ಮರ್ಯಾದೆಯ ಉತ್ತರ ಅದು. ಸಂಕಟ ಶುರುವಾಗುವುದು ಆಮೇಲೆ. ಮಾತಾಡಿಸಲು ಬಂದವರು ‘ಇಷ್ಟ ಸಣ್ಣ ವಯಸ್ಸಿಗೆ ಹಾರ್ಟ್ ಅಟ್ಯಾಕ್? ಬಿ.ಪಿ. ಇತ್ತೇನು? ಯಾವ ಡಾಕ್ಟರ್ ನೋಡಿದ್ರು?’ ಅಂತ ಕೇಳುತ್ತಾರೆ. ಒಂದು ಸುಳ್ಳಿಗೆ ಐದು ಸುಳ್ಳು ಜೋಡಿಸಬೇಕು, ಜೋಡಿಸಿದ್ದನ್ನು ನೆನಪಿಡಬೇಕು. ಅತ್ತಾಗ ಬಾಯಿ ತಪ್ಪಿ ಏನಾದರೂ ಬಂದೀತೆಂದು ಅಳುವುದನ್ನೂ ಹಿಡಿದಿಡಬೇಕು. ನಿಮ್ಮ ಮನೆಯಲ್ಲಿ ಈಗ ಆಗಿರುವುದು ಅದೇ. ಸಮಾಜ ಬಹಿರಂಗವಾಗಿ ಒಪ್ಪದ, ಹೇಳಿಕೊಳ್ಳಲು ಬಿಡದ ಇಂಥ ದುಃಖಕ್ಕೆ ಮನಶ್ಶಾಸ್ತ್ರದಲ್ಲಿ 1989ರಿಂದಲೇ ಪ್ರತ್ಯೇಕ ಹೆಸರಿದೆ. ಕುಡಿತ, ನಶೆ, ಆತ್ಮಹತ್ಯೆಯ ಸಾವುಗಳೆಲ್ಲ ಈ ಬಗೆಯವೇ. ನಮ್ಮ ಕಡೆ ಇದಕ್ಕೆ ಇನ್ನೊಂದು ಪದರ ಸೇರುತ್ತದೆ. ಮದುವೆಯಾಗದೆ ಹೋದವರಿಗೆ ಕಾರ್ಯವನ್ನು ಮೊಟಕು ಮಾಡುವ ರೂಢಿ ಕೆಲವು ಮನೆತನಗಳಲ್ಲಿದೆ. ಹಾಲು-ತುಪ್ಪ ಬಿಟ್ಟು ಬಂದರೆ ಮುಗಿಯಿತು. ಜನ ಕೂಡಿ ಅಳುವ ದಿನಗಳೇ ಕಡಿಮೆಯಾಗುತ್ತವೆ.

ಹಾಗಂತ ಓಣಿಗೆಲ್ಲ ಸತ್ಯ ಸಾರಬೇಕಿಲ್ಲ. ಹೇಳದೆ ಇರುವುದು ಬೇರೆ, ಸುಳ್ಳು ಹೇಳುವುದು ಬೇರೆ. ಮೊದಲು ಮನೆಯೊಳಗಿನವರ ನಡುವೆ ‘ಗುಳಿಗೆ’ ಅನ್ನುವ ಶಬ್ದ ಬಾಯಿಬಿಟ್ಟು ಬರಲಿ. ಒಂದು ಸಂಜೆ, ಟಿ.ವಿ. ಆರಿಸಿ, ಅದೊಂದೇ ಕೆಲಸ. ಆಮೇಲೆ ಹೊರಗಿನವರಲ್ಲಿ ಒಬ್ಬರಿಗೆ ಹೇಳಿ, ಸೋದರಮಾವನಿಗೋ ಅವ್ವನ ಆಪ್ತ ಗೆಳತಿಗೋ. ಉಳಿದವರಿಗೆ ಒಂದೇ ವಾಕ್ಯ ಸಿದ್ಧವಿರಲಿ, ಮನೆಯವರೆಲ್ಲ ಅದನ್ನೇ ಹೇಳಲಿ. ‘ಉಸಿರು ನಿಂತು ಹೋದ್ನ್ರಿ. ಹೆಚ್ಚಿಗಿ ಮಾತಾಡಾಕ ಈಗ ಆಗೂದಿಲ್ಲ.’ ಇದು ಸುಳ್ಳಲ್ಲ, ಕಾರಣದ ಕಥೆಯೂ ಅಲ್ಲ. ಹತ್ತಿರದವರಿಗಾದರೆ: ‘ಗುಳಿಗಿ ತಗೋತಿದ್ದ, ಅದರಾಗ ತೀರಿಕೊಂಡ.’ ಕನ್ನಡಿ ಮುಂದೆ ನಾಲ್ಕು ಸಲ ಅಂದು ನೋಡಿ. ಮೊದಲ ಸಲ ಬಾಯಿಂದ ಹೊರಡುವುದಿಲ್ಲ, ನಾಲ್ಕನೇ ಸಲ ಹೊರಡುತ್ತದೆ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ‘ಮಾಮಾ ಮಲಗ್ಯಾನ’ ಅನ್ನಬೇಡಿ. ಮಕ್ಕಳು ಮಲಗಲು ಹೆದರುತ್ತಾರೆ. ‘ಮಾಮಾನ ಮೈಗೆ ಆ ಗುಳಿಗೆ ತಡೀಲಿಲ್ಲ, ಉಸಿರು ನಿಂತಿತು, ಅವ ತೀರಿಕೊಂಡ’ ಅಂದರೆ ಆರು ವರ್ಷದ ಮಗುವಿಗೂ ಅರ್ಥವಾಗುತ್ತದೆ.

ಸತ್ಯ ಹೇಳಿದರೆ ಕಾಗದಪತ್ರಕ್ಕೆ ತೊಂದರೆ ಎಂಬ ಭಯ ನಿಮ್ಮ ಅಪ್ಪನಿಗೂ ಇರಬಹುದು. ಪಾಲಿಕೆ ಕೊಡುವ ಮರಣ ಪ್ರಮಾಣಪತ್ರದಲ್ಲಿ ಸಾವಿನ ಕಾರಣ ಇರುವುದೇ ಇಲ್ಲ. 1969ರ ಜನನ-ಮರಣ ನೋಂದಣಿ ಕಾಯ್ದೆಯ 17ನೇ ಕಲಮು ಅದನ್ನು ನಮೂದಿಸುವುದನ್ನೇ ತಡೆದಿದೆ. ಬ್ಯಾಂಕು, ರೇಷನ್ ಕಾರ್ಡು, ಆಧಾರ್, ಯಾವುದಕ್ಕೆ ಕೊಟ್ಟರೂ ಅಲ್ಲಿ ‘ಡ್ರಗ್ಸ್’ ಎಂಬ ಶಬ್ದ ಯಾರ ಕಣ್ಣಿಗೂ ಬೀಳುವುದಿಲ್ಲ. ಕಾರಣ ಬರೆಯುವ ವೈದ್ಯಕೀಯ ನಮೂನೆ ಬೇರೆಯೇ. ಸಾವು ಮನೆಯಲ್ಲಾಗಿದ್ದರೆ ನೋಂದಾಯಿಸುವ ಜವಾಬ್ದಾರಿ ಮನೆಯವರದು. 21 ದಿನದೊಳಗೆ ಶುಲ್ಕವಿಲ್ಲ. 30 ದಿನ ದಾಟಿದ್ದರೆ ಅನುಮತಿ ಪತ್ರ, ದಂಡ ಶುಲ್ಕ ಬೇಕು. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ. ಇನ್ನೂ ಮಾಡಿಸಿಲ್ಲವಾದರೆ ಈ ವಾರವೇ ಮುಗಿಸಿ.

ಪೊಲೀಸರದು ಇನ್ನೊಂದು ಕಡತ. ಇಂಥ ಸಾವುಗಳಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಮಿನಡಿ ಅಸಹಜ ಸಾವಿನ ಪ್ರಕರಣ, ನಮ್ಮ ಠಾಣೆಗಳ ಮಾತಿನಲ್ಲಿ ‘ಯು.ಡಿ.ಆರ್.’, ದಾಖಲಾಗುತ್ತದೆ. ಇದು ಸಾವಿನ ಕಾರಣ ಪತ್ತೆಮಾಡುವ ವಿಚಾರಣೆ, ಸತ್ತವನ ಮೇಲಿನ ಅಪರಾಧ ಪ್ರಕರಣ ಅಲ್ಲ. ಯು.ಡಿ.ಆರ್. ನಂಬರು ಬರೆದಿಟ್ಟುಕೊಳ್ಳಿ, ಮುಂದೆ ಪ್ರತಿಯೊಂದು ಪ್ರತಿಗೂ ಅದೇ ಬೇಕು. ವಿಸೆರಾವನ್ನು, ಅಂದರೆ ಪರೀಕ್ಷೆಗೆಂದು ತೆಗೆದಿಟ್ಟ ಒಳ ಅಂಗಗಳ ಚೂರುಗಳನ್ನು, ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸಿದ್ದರೆ ವರದಿ ಬರಲು ತಿಂಗಳುಗಟ್ಟಲೆ ಹಿಡಿಯುತ್ತದೆ, ಅಂತಿಮ ಅಭಿಪ್ರಾಯ ಆಮೇಲೆ. ಆ ಲಕೋಟೆ ಬಂದ ದಿನ ಎಲ್ಲವೂ ಮತ್ತೆ ಮೊದಲ ದಿನಕ್ಕೇ ಬಂದು ನಿಂತಂತಾಗುತ್ತದೆ. ಅದಕ್ಕೇ ಠಾಣೆಯಲ್ಲಿ ನಿಮ್ಮ ನಂಬರು ಕೊಟ್ಟಿಡಿ, ಅವ್ವನದಲ್ಲ. ತಂದ ಮೇಲೆ ರಾತ್ರಿ ಒಬ್ಬರೇ ಓದಬೇಡಿ. ಅಂಗಾಂಗಗಳ ತೂಕ, ಬಣ್ಣ ಎಲ್ಲ ಬರೆದಿರುತ್ತದೆ, ಓದಿದ್ದನ್ನು ಮರೆಯಲಾಗುವುದಿಲ್ಲ. ಕೊನೆಯ ಪುಟದ ಅಭಿಪ್ರಾಯ ಮಾತ್ರ ಓದಿ, ಉಳಿದದ್ದನ್ನು ವೈದ್ಯರಿಗೆ ತೋರಿಸಿ. ಬೇಕಂತಲೇ ತಗೊಂಡನಾ, ಅಳತೆ ತಪ್ಪಿತಾ ಎಂಬುದಕ್ಕೆ ಈ ವರದಿ ಉತ್ತರ ಕೊಡುತ್ತದೆ ಎಂದು ಕಾಯುವವರಿದ್ದಾರೆ. ರಕ್ತದಲ್ಲಿ ಏನಿತ್ತು ಎಂಬುದನ್ನು ಅದು ಹೇಳೀತು, ಮನಸ್ಸಿನಲ್ಲಿ ಏನಿತ್ತು ಎಂಬುದನ್ನಲ್ಲ.

ಅವನ ಬ್ಯಾಂಕ್ ಪಾಸ್‌ಬುಕ್ ಒಮ್ಮೆ ತೆಗೆದು ನೋಡಿ. ವರ್ಷಕ್ಕೊಮ್ಮೆ 436 ರೂಪಾಯಿ ಕಡಿತವಾಗಿದ್ದರೆ ಅದು ಪ್ರಧಾನಮಂತ್ರಿ ಜೀವನ ಜ್ಯೋತಿ ಬಿಮಾ. ಯಾವ ಕಾರಣದ ಸಾವಿಗೂ 2 ಲಕ್ಷ ಬರುತ್ತದೆ, ಸೇರಿದ ಮೊದಲ 30 ದಿನ ಬಿಟ್ಟು. ‘ನಶೆಯಲ್ಲಿ ಸತ್ತರೆ ಏನೂ ಬರೂದಿಲ್ಲ’ ಅಂದುಕೊಂಡು ಅರ್ಜಿಯನ್ನೇ ಹಾಕದೆ ಬಿಡಬೇಡಿ. 20 ರೂಪಾಯಿಯ ಸುರಕ್ಷಾ ಬಿಮಾ ಅಪಘಾತಕ್ಕೆ ಮಾತ್ರ, ಎರಡನ್ನೂ ಒಂದೇ ಅಂದುಕೊಳ್ಳಬೇಡಿ.

ಅವನ ಕೋಣೆಯಲ್ಲಿ ಗುಳಿಗೆ ಉಳಿದಿದ್ದರೆ ಗುಟ್ಟಾಗಿ ಗಟಾರಕ್ಕೆ ಎಸೆಯಬೇಡಿ. ಯು.ಡಿ.ಆರ್. ಬಾಕಿ ಇದೆ. ತನಿಖಾಧಿಕಾರಿಗೆ ತಿಳಿಸಿ, ಒಪ್ಪಿಸಿ, ಬರೆಸಿಕೊಳ್ಳಿ. ದುಃಖದ ಮನೆಯಲ್ಲಿ ಅವು ಉಳಿಯಬಾರದು ಎಂಬುದು ಎರಡನೇ ಕಾರಣ, ನಮ್ಮ ಲೆಕ್ಕದಲ್ಲಿ ದೊಡ್ಡ ಕಾರಣ. ‘ಅವ ನನಗ ರೊಕ್ಕ ಕೊಡಬೇಕಿತ್ತು’ ಅಂತ ಯಾರಾದರೂ ಬಂದು ನಿಂತರೆ, ಕಾಗದವಿಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ. ಮಾದಕ ವಸ್ತುವಿನ ವ್ಯವಹಾರದ ಸಾಲಕ್ಕೆ ಕಾನೂನಿನ ಬಲವಿಲ್ಲ. ಹೆದರಿಸಿದರೆ 112.

ಅವ್ವ ರಾತ್ರಿ ಎರಡಕ್ಕೆ ಏಳುವುದಕ್ಕೆ ನೀವು ಹೆದರಿದ್ದೀರಿ. ಮೂರು ವರ್ಷ ಅವರು ಆ ಹೊತ್ತಿಗೆ ಪಹರೆ ಕಾದಿದ್ದಾರೆ. ಬೈಕಿನ ಸಪ್ಪಳ ಓಣಿಯ ತುದಿಗೆ ಕೇಳಿದ ಮೇಲೆಯೇ ಅವರ ಮೈ ಸಡಿಲಾಗುತ್ತಿತ್ತು. ಕಾಯಬೇಕಾದವ ಹೋದ, ಕಾಯುವ ಮೈ ಉಳಿದಿದೆ. ಇದು ಹುಚ್ಚಲ್ಲ. ‘ಮಲಗು’ ಅಂತ ಗದರಬೇಡಿ. ಎದ್ದಾಗ ಐದು ನಿಮಿಷ ಜೊತೆಗೆ ಕೂಡಿ, ಬಾಗಿಲು ಒಟ್ಟಿಗೇ ಹಾಕಿ, ಕೈ ಹಿಡಿದು ಒಳಗೆ ಕರಕೊಂಡು ಬನ್ನಿ. ಸಂಜೆ ಆರರ ಮೇಲೆ ಚಹಾ ಬೇಡ. ಹಗಲು ಅರ್ಧ ತಾಸಿಗಿಂತ ಹೆಚ್ಚು ನಿದ್ದೆ ಬೇಡ. ನಿದ್ದೆ ಗುಳಿಗೆಯನ್ನು ಮಾತ್ರ ಮೆಡಿಕಲ್ ಶಾಪಿನಿಂದ ಕೇಳಿ ತರಬೇಡಿ. ಅಲ್ಪ್ರಜೋಲಾಂನಂಥವು ಕೆಲವೇ ವಾರದಲ್ಲಿ ಬಿಡಲಾಗದಂತಾಗುತ್ತವೆ, ದುಃಖವನ್ನಂತೂ ಕರಗಿಸುವುದಿಲ್ಲ. ಅಪ್ಪ ‘ನಿದ್ದಿ ಬರ್ಲಿ ಅಂತ’ ರಾತ್ರಿ ಎರಡು ಪೆಗ್ ಶುರು ಮಾಡಿದ್ದಾರೆಯೇ ಎಂಬುದನ್ನೂ ಗಮನಿಸಿ. ಇಂಥ ಸಾವಿನ ನಂತರ ಎರಡನೆಯ ಚಟ ಅದೇ ಮನೆಯಲ್ಲಿ ಸದ್ದಿಲ್ಲದೆ ಹುಟ್ಟುತ್ತದೆ. ಗಂಡಸರು ಅಳುವುದಿಲ್ಲ, ಅಂಗಡಿಯಲ್ಲಿ ಇನ್ನೂ ಎರಡು ತಾಸು ಹೆಚ್ಚು ಕೂಡುತ್ತಾರೆ, ಸಿಟ್ಟು ಮಾಡುತ್ತಾರೆ. ಒಬ್ಬರು ದಿನಾ ಅತ್ತರೆ ಇನ್ನೊಬ್ಬರು ಲೆಕ್ಕ ಬರೆಯುತ್ತಾ ಕೂಡುವುದು ಕಲ್ಲು ಮನಸ್ಸಲ್ಲ, ಅವರ ದುಃಖದ ನಡೆ ಹಾಗೆ.

ಯಾರೂ ಬಾಯಿಬಿಟ್ಟು ಹೇಳದ ಒಂದು ಸಂಗತಿ ಇದೆ: ನೆಮ್ಮದಿ. ಇನ್ನು ಠಾಣೆಯಿಂದ ಫೋನ್ ಬರುವುದಿಲ್ಲ, ಕಪಾಟಿನ ಕೀಲಿ ಸೊಂಟಕ್ಕೆ ಸಿಗಿಸಿಕೊಂಡು ಮಲಗಬೇಕಿಲ್ಲ. ಹೀಗೆ ಒಂದು ಕ್ಷಣ ಅನ್ನಿಸಿ, ಅನ್ನಿಸಿದ್ದಕ್ಕೇ ಮೈಯೆಲ್ಲ ನಾಚಿಕೆ. ಮೂರು ವರ್ಷದ ಭಯ ಇಳಿದದ್ದು ಅದು. ಅವನು ಹೋದದ್ದಕ್ಕೆ ಆದ ಸಂತೋಷ ಅಲ್ಲ. ನಿಮಗೆ ಅನ್ನಿಸಿದ್ದರೆ ನೀವೇ ಮೊದಲು ಬಾಯಿಬಿಡಿ, ಉಳಿದಿಬ್ಬರೂ ಉಸಿರು ಬಿಟ್ಟಾರು.

ಕಾಯಬಾರದ ಲಕ್ಷಣಗಳು ಬೇರೆ. ‘ನಾನೂ ಅವನ ಹಿಂದ ಹೋಗ್ತೀನಿ’ ಎಂಬ ಮಾತು, ವಸ್ತು-ಒಡವೆ ಹಂಚಲು ಶುರು ಮಾಡುವುದು, ಊಟ-ನೀರು ಬಿಡುವುದು, ಅವನ ಧ್ವನಿ ‘ಬಾ’ ಅಂತ ಕರೆಯುತ್ತಿದೆ ಎನ್ನುವುದು. ಇವು ಕಂಡ ದಿನವೇ ದವಾಖಾನೆಗೆ. ಹೊಲಮನೆಯವರಿದ್ದರೆ ಬೆಳೆಗೆ ಹೊಡೆಯುವ ಎಣ್ಣೆಯ ಡಬ್ಬಿಗಳನ್ನು ಮನೆಯಿಂದ ಹೊರಗೆ, ಬೇರೆಯವರ ಕೀಲಿಯಲ್ಲಿ ಇಡಿಸಿ. ಗದಗ, ಹಾವೇರಿ ಕಡೆಯ ಹಳ್ಳಿಗಳ ಓದುಗರಿಗೆ ಈ ಮಾತು ಇನ್ನಷ್ಟು ಒತ್ತಿ ಹೇಳಬೇಕು. ಸಾಮಾನ್ಯ ದುಃಖಕ್ಕೆ ಗಡುವಿಲ್ಲ. ಆದರೆ ಆರು ತಿಂಗಳು ಕಳೆದ ಮೇಲೂ ದಿನದ ಬಹುಪಾಲು ಹಂಬಲದಲ್ಲೇ ಹೋಗಿ, ಅಡುಗೆ, ಕೆಲಸ, ಜನ ಯಾವುದಕ್ಕೂ ಮೈ ಏಳದಿದ್ದರೆ ಅದನ್ನು ವೈದ್ಯಶಾಸ್ತ್ರ ದೀರ್ಘಕಾಲದ ದುಃಖದ ಕಾಯಿಲೆ ಎಂದು ಗುರುತಿಸುತ್ತದೆ. ಅದಕ್ಕೆ ಮಾತಿನ ಚಿಕಿತ್ಸೆಯೂ ಇದೆ. ‘ದುಃಖಕ್ಕೆ ಐದು ಹಂತ’ ಅಂತ ವಾಟ್ಸ್‌ಆ್ಯಪ್‌ನಲ್ಲಿ ತಿರುಗುವ ಪಟ್ಟಿಯನ್ನು ನಂಬಿ ಅವ್ವ ಯಾವ ಹಂತದಲ್ಲಿದ್ದಾರೆ ಎಂದು ಎಣಿಸಬೇಡಿ. ಅದು ಹುಟ್ಟಿದ್ದು ಸಾಯುವ ಕಾಯಿಲೆ ಬಂದ ರೋಗಿಗಳ ಮನಸ್ಸಿನ ಬಗ್ಗೆ, ಉಳಿದವರ ಬಗ್ಗೆ ಅಲ್ಲ.

ಈಗಲೇ ಎಲ್ಲಿಗೆ ಹೋಗಬೇಕು? ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416. 2022ರಿಂದ ನಡೆಯುತ್ತಿದೆ, ದಿನದ 24 ತಾಸೂ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ರಾತ್ರಿ ಎರಡರ ಹೊತ್ತಿಗೆ ಇದೇ ಕೈಗೆಟಕುವುದು. 14446 ಎಂಬ ಇನ್ನೊಂದು ನಂಬರು ವ್ಯಸನದಲ್ಲಿರುವವರಿಗೆ, ನಿಮ್ಮ ತಮ್ಮನ ಜೊತೆ ಕೂತು ತಗೊಳ್ಳುತ್ತಿದ್ದ ಗೆಳೆಯನಿಗೆ ಕೊಡಿ. ಅವನೂ ಈಗ ಗಂಡಾಂತರದಲ್ಲಿದ್ದಾನೆ, ಮತ್ತು ನಿಮ್ಮಷ್ಟೇ ಅಳುತ್ತಿರಬಹುದು. ಮುಖಾಮುಖಿ ಮಾತಿಗೆ ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ‘ಹುಚ್ಚರ ದವಾಖಾನಿ’ ಎಂದು ಹಿರಿಯರು ಹಿಂಜರಿದರೆ ಹುಬ್ಬಳ್ಳಿಯ ಕಿಮ್ಸ್‌ನ, ಅಂದರೆ ಈಗಿನ ಕೆಎಂಸಿಆರ್‌ಐನ, ಮನೋವೈದ್ಯ ವಿಭಾಗಕ್ಕೆ ಕರಕೊಂಡು ಹೋಗಿ. ಅಷ್ಟು ದೊಡ್ಡ ಆಸ್ಪತ್ರೆಯಲ್ಲಿ ಯಾವ ಬಾಗಿಲಿಗೆ ಹೋದಿರಿ ಎಂದು ಯಾರೂ ನೋಡುವುದಿಲ್ಲ. ಗದಗ, ಹಾವೇರಿಯವರಿಗೆ ಅಲ್ಲಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ, ಜಿಲ್ಲಾ ಮಾನಸಿಕ ಆರೋಗ್ಯ ಘಟಕ. ಎಲ್ಲಿಗೆ ಹೋದರೂ ಚೀಟಿ ಮಾಡಿಸುವಾಗಲೇ ‘ಮನೆಯಲ್ಲಿ ಸಾವಾಗಿದೆ, ಸೈಕಾಲಜಿಸ್ಟ್ ಅಥವಾ ಸೋಷಿಯಲ್ ವರ್ಕರ್ ಜೊತೆ ಮಾತಾಡಬೇಕು’ ಅನ್ನಿ. ಬರೀ ‘ನಿದ್ದಿ ಬರೂದಿಲ್ರಿ’ ಅಂದರೆ ಐದು ನಿಮಿಷದಲ್ಲಿ ಗುಳಿಗೆ ಚೀಟಿ ಕೈಗೆ ಬರುತ್ತದೆ.

ಈಗ ಗುಂಪು. ವ್ಯಸನಿಗಳ ಮನೆಯವರಿಗೆಂದು ನಡೆಯುವ ಸಭೆಗಳು ನಿಮಗೆ ಸರಿಹೊಂದುವುದಿಲ್ಲ. ಅಲ್ಲಿಯ ತಾಯಂದಿರಿಗೆ ಮಗ ಇನ್ನೂ ಇದ್ದಾನೆ. ನಿಮ್ಮನ್ನು ಕಂಡರೆ ಅವರಿಗೆ ಭಯ, ಅವರ ಆಸೆ ಕೇಳಿದರೆ ನಿಮಗೆ ಹೊಟ್ಟೆಯಲ್ಲಿ ಕಿಚ್ಚು. ಎರಡನ್ನೂ ಬೆರೆಸಬಾರದು. ನಿಮ್ಮ ಗುಂಪು ಬೇರೆಯೇ ಇರಲಿ. ಕುಡಿತದಿಂದ ಹೋದವರ ಮನೆಯವರನ್ನು ಸೇರಿಸಿಕೊಳ್ಳಿ. ‘ನಮ್ಮವ ಬರೇ ಕುಡೀತಿದ್ದ, ಗುಳಿಗಿ ಗಿಳಿಗಿ ಇಲ್ಲ’ ಎಂಬ ಮೇಲು-ಕೀಳು ಮೊದಲ ಒಂದೆರಡು ಸಲ ಬರುತ್ತದೆ, ಆಮೇಲೆ ಕರಗುತ್ತದೆ.

ಐದಾರು ಮನೆ, ಆರರಿಂದ ಹತ್ತು ಜನ. ಹತ್ತು ದಾಟಿದರೆ ಕೊನೆಯವರಿಗೆ ಮಾತಿನ ಸರದಿ ಬರುವುದಿಲ್ಲ, ನಾಲ್ಕಕ್ಕಿಂತ ಕಡಿಮೆಯಾದರೆ ಒಬ್ಬರು ತಪ್ಪಿಸಿದ ದಿನ ಗುಂಪೇ ಇಲ್ಲ. ತಿಂಗಳಿಗೆ ಎರಡು ಸಲ, ಒಂದೂವರೆ ತಾಸು. ಭಾನುವಾರ ಬೆಳಿಗ್ಗೆ 11ಕ್ಕೆ ಇಟ್ಟರೆ ಹೆಣ್ಣುಮಕ್ಕಳು ಅಡುಗೆ ಮುಗಿಸಿ ಬಂದು ಊಟದ ಹೊತ್ತಿಗೆ ಮನೆ ಸೇರುತ್ತಾರೆ. ಜಾಗ ಯಾರ ಮನೆಯೂ ಆಗಬಾರದು, ಠಾಣೆಯ ಹತ್ತಿರ, ವ್ಯಸನಮುಕ್ತಿ ಕೇಂದ್ರದೊಳಗೆ, ಒಂದೇ ಸಮಾಜದ ಸಮುದಾಯ ಭವನದಲ್ಲಿ ಕೂಡದು. ಭಾನುವಾರ ಖಾಲಿ ಇರುವ ಶಾಲೆಯ ಕೋಣೆ, ಗ್ರಂಥಾಲಯದ ಕೋಣೆ ಸಾಕು. ಅವಳಿ ನಗರದ ಒಂದು ಅನುಕೂಲ ಬಳಸಿಕೊಳ್ಳಿ: ಹುಬ್ಬಳ್ಳಿಯವರಿಗೆ ಧಾರವಾಡದಲ್ಲಿ ಗುರುತಿನವರು ಕಡಿಮೆ, ಧಾರವಾಡದವರಿಗೆ ಹುಬ್ಬಳ್ಳಿಯಲ್ಲಿ. ಎರಡೂ ಊರಿನ ನಡುವೆ ಓಡುವ ಚಿಗರಿ ಬಸ್ಸಿನ ಯಾವುದಾದರೂ ನಡುವಿನ ನಿಲ್ದಾಣ, ನವನಗರದ ಸುತ್ತಮುತ್ತ ಅನ್ನಿ, ಅದರಿಂದ ನಡೆದು ಹೋಗುವಷ್ಟು ಹತ್ತಿರ ಹುಡುಕಿ. ಬಾಗಿಲಿಗೆ ಫಲಕ ಬೇಡ.

ನಡೆಸುವವರು ಇಬ್ಬರು. ಒಬ್ಬರು ಇಂಥ ಸಾವನ್ನೇ ಕಂಡವರು, ಆದರೆ ಕನಿಷ್ಠ ಎರಡು ವರ್ಷ ಕಳೆದಿರಬೇಕು. ಇನ್ನೊಬ್ಬರು ತರಬೇತಿ ಪಡೆದವರು. ಕರ್ನಾಟಕ ವಿಶ್ವವಿದ್ಯಾಲಯದ ಸಮಾಜಕಾರ್ಯ ವಿಭಾಗದಲ್ಲೋ ಡಿಮ್ಹಾನ್ಸ್‌ನಲ್ಲೋ ಕೇಳಿ. ನೀವು ಎರಡೂವರೆ ತಿಂಗಳಿನವರು, ಈಗ ನಡೆಸಬೇಡಿ. ಕೋಣೆ ಹುಡುಕಿ, ಫೋನ್ ಮಾಡಿ, ಚಹಾ ವ್ಯವಸ್ಥೆ ನೋಡಿಕೊಳ್ಳಿ. ನಡೆಸುವವರು ಅಳುವವರನ್ನು ಹಿಡಿದುಕೊಳ್ಳಬೇಕು, ತಾವೇ ಮುಳುಗಬಾರದು.

ಮೊದಲ ಸಲ ಬರುವವರೊಂದಿಗೆ ಒಂದು ದಿನ ಮೊದಲೇ ಫೋನಿನಲ್ಲಿ ಹತ್ತು ನಿಮಿಷ ಮಾತಾಡಿ: ಯಾರು ಹೋದರು, ಎಷ್ಟು ದಿನವಾಯಿತು, ಒಬ್ಬರೇ ಬರುತ್ತೀರಾ, ಸಾಯುವ ವಿಚಾರ ಬರುತ್ತಿದೆಯಾ. ಕೊನೆಯ ಪ್ರಶ್ನೆಯನ್ನು ಕೇಳಲು ಹಿಂಜರಿಯಬೇಡಿ, ಕೇಳಿದರೆ ಆ ವಿಚಾರ ತಲೆಗೆ ಬರುತ್ತದೆ ಎಂಬುದು ತಪ್ಪು ತಿಳಿವಳಿಕೆ. ಹೌದು ಅಂದರೆ ಮೊದಲು ದವಾಖಾನೆ, ಆಮೇಲೆ ಗುಂಪು.

ಕುರ್ಚಿ ದುಂಡಗೆ, ನಡುವೆ ಮೇಜು ಬೇಡ. ಶುರುವಿಗೆ ನಿಯಮ ಓದಿ, ಪ್ರತಿ ಸಲವೂ. ಇಲ್ಲಿ ಕೇಳಿದ್ದು ಹೊರಗೆ ಹೋಗಬಾರದು. ಯಾರೂ ಯಾರಿಗೂ ಉಪದೇಶ ಹೇಳಬಾರದು. ಯಾವ ಗುಳಿಗೆ, ಎಷ್ಟು, ಎಲ್ಲಿ ಸಿಗುತ್ತಿತ್ತು ಎಂಬ ವಿವರ ಬೇಡ. ಕುಡಿದು ಬಂದವರು ಅವತ್ತು ಕೂಡುವಂತಿಲ್ಲ. ಫೋಟೋ ಇಲ್ಲ. ಆಮೇಲೆ ಒಬ್ಬೊಬ್ಬರೂ ತಮ್ಮ ಹೆಸರು, ಹೋದವರ ಹೆಸರು ಹೇಳುತ್ತಾರೆ. ಈ ಎರಡನೆಯದೇ ಮುಖ್ಯ. ಮನೆಯಲ್ಲಿ, ಓಣಿಯಲ್ಲಿ ಆ ಹೆಸರನ್ನು ಯಾರೂ ಉಚ್ಚರಿಸದೆ ತಿಂಗಳುಗಳಾಗಿರುತ್ತವೆ. ಒಬ್ಬರಿಗೆ ಏಳೆಂಟು ನಿಮಿಷ. ‘ನಾ ಇವತ್ತ ಬರೇ ಕೇಳ್ತೀನ್ರಿ’ ಅಂದರೂ ಆಯಿತು. ಅಳುವವರ ಕೈಗೆ ತಕ್ಷಣ ಕರವಸ್ತ್ರ ತುರುಕಬೇಡಿ, ‘ಸಾಕು ಅಳೂದು’ ಎಂಬ ಅರ್ಥ ಹೋಗುತ್ತದೆ. ಕೈಗೆಟಕುವಲ್ಲಿ ಇಟ್ಟಿರಿ. ಕೊನೆಯ ಹದಿನೈದು ನಿಮಿಷ ಚಹಾ, ಅವಲಕ್ಕಿ, ಬೇರೆ ಮಾತು. ಅತ್ತ ಕಣ್ಣಿನಲ್ಲೇ ಬಸ್ಸಿಗೆ ಕಳಿಸಬಾರದು. ಹೊಸಬರಿಗೆ ಎರಡು ದಿನದೊಳಗೆ ಒಂದು ಫೋನ್: ಮೊದಲ ಸಲ ಮಾತಾಡಿದವರಿಗೆ ಆ ರಾತ್ರಿ ‘ಯಾಕರ ಹೇಳಿದ್ನೋ’ ಅನ್ನಿಸುತ್ತದೆ, ಆ ಫೋನ್ ಬರದಿದ್ದರೆ ಎರಡನೇ ಸಲ ಬರುವುದಿಲ್ಲ.

ಇಂಥ ಗುಂಪುಗಳು ಎಲ್ಲಿ ಹಾಳಾಗುತ್ತವೆ? ಒಬ್ಬ ಹಿರಿಯರು ಪ್ರತಿ ಸಲ ನಲವತ್ತು ನಿಮಿಷ ಮಾತಾಡುತ್ತಾರೆ, ಮರ್ಯಾದೆಗೆ ಯಾರೂ ತಡೆಯುವುದಿಲ್ಲ. ಎಲ್ಲರಿಗೂ ಕಾಣುವಂತೆ ಗಡಿಯಾರ ಇಡುವುದೇ ಮದ್ದು. ಯಾರೋ ಸ್ವಾಮಿಗಳನ್ನು ಕರೆಸುತ್ತಾರೆ, ಪ್ರವಚನದ ಮುಂದೆ ತಾಯಂದಿರು ಮತ್ತೆ ತಪ್ಪಿತಸ್ಥರಾಗಿ ತಲೆ ಬಗ್ಗಿಸುತ್ತಾರೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬೆಳಿಗ್ಗೆ ಶುಭಾಶಯ, ರಾತ್ರಿ ಒಂದಕ್ಕೆ ಸತ್ತವರ ಫೋಟೋ ಬೀಳುತ್ತವೆ, ಅಡ್ಮಿನ್ ಮಾತ್ರ ಬರೆಯುವಂತೆ ಮಾಡಿ. ಎಲ್ಲಕ್ಕಿಂತ ಹೆಚ್ಚು ಹಾಳು ಮಾಡುವುದು ಪ್ರಚಾರ. ಜೂನ್ 26ರ ಮಾದಕ ವಸ್ತು ವಿರೋಧಿ ದಿನದ ರ‍್ಯಾಲಿಗೆ ‘ಮಗನನ್ನು ಕಳೆದುಕೊಂಡ ತಾಯಿ’ ಬೇಕಾಗುತ್ತಾಳೆ, ಕ್ಯಾಮೆರಾ ಬರುತ್ತದೆ. ಮೊದಲ ವರ್ಷ ಯಾರೂ ವೇದಿಕೆ ಹತ್ತಬಾರದು. ಒಮ್ಮೆ ಆಡಿದ್ದು ಯೂಟ್ಯೂಬಿನಲ್ಲಿ ಉಳಿಯುತ್ತದೆ, ಕೆಳಗೆ ಬರುವ ಕಮೆಂಟನ್ನು ಅಣ್ಣ-ತಮ್ಮಂದಿರು ಓದುತ್ತಾರೆ. ನೆನೆಯಲು ಒಂದು ದಿನ ಬೇಕೆನಿಸಿದರೆ ಆಗಸ್ಟ್ 31 ಇದೆ. ಓವರ್‌ಡೋಸ್‌ನಿಂದ ಹೋದವರ ನೆನಪಿಗೆ 2001ರಲ್ಲಿ ಆಸ್ಟ್ರೇಲಿಯಾದಲ್ಲಿ ಶುರುವಾಗಿ ಈಗ ಹಲವು ದೇಶಗಳಲ್ಲಿ ನಡೆಯುತ್ತದೆ. ಕೋಣೆಯೊಳಗೆ ದೀಪ ಹಚ್ಚಿ ಹೆಸರು ಹೇಳಿದರೆ ಅಷ್ಟೇ ಸಾಕು.

ಪಂಚಮಿಗೆ ಇನ್ನು ತಿಂಗಳು. ನಮ್ಮ ಕಡೆ ಅಕ್ಕ-ತಂಗಿಯರ ಪಾಲಿಗೆ ಅದಕ್ಕಿಂತ ದೊಡ್ಡ ಹಬ್ಬವಿಲ್ಲ. ಹಬ್ಬ ಬಂದ ಮೇಲೆ ನೋಡೋಣ ಅನ್ನಬೇಡಿ, ಆ ಬೆಳಿಗ್ಗೆ ಓಣಿಯೆಲ್ಲ ಜೋಕಾಲಿ, ಶೇಂಗಾ ಉಂಡಿಯ ವಾಸನೆ. ವಾರ ಮೊದಲೇ ಮೂವರೂ ಕೂತು ನಿರ್ಧರಿಸಿ: ಉಂಡಿ ಕಟ್ಟುವುದಾ ಬೇಡವಾ, ನೀವು ತವರಿನಲ್ಲಿರುತ್ತೀರಾ, ಹಾಲು ಎರೆಯುವವರು ಯಾರು. ಹಬ್ಬ ಮಾಡದಿದ್ದರೂ ತಪ್ಪಿಲ್ಲ. ಅವನಿಗೆ ಇಷ್ಟವಾದ ಒಂದೇ ಬಗೆಯ ಉಂಡಿ ಮಾಡಿ, ಫೋಟೋದ ಮುಂದೆ ಎಡೆ ಹಿಡಿದು, ಆಮೇಲೆ ಅವನ ಹೆಸರು ಹೇಳಿ ಹಂಚಿದರೂ ತಪ್ಪಿಲ್ಲ. ಏನೂ ಆಗಿಲ್ಲ ಎಂಬಂತೆ ಹೋದ ವರ್ಷದ ಹಬ್ಬವನ್ನೇ ಮಾಡಹೊರಟರೆ ಮಾತ್ರ ಮಧ್ಯಾಹ್ನದ ಹೊತ್ತಿಗೆ ಮನೆ ಕುಸಿಯುತ್ತದೆ. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವಾಗ ಅವನಿಗೂ ಒಂದು ಎಲೆ ಹಾಕಬಹುದೇ ಎಂದು ಮನೆಯ ಹಿರಿಯರನ್ನು ಈಗಲೇ ಕೇಳಿಟ್ಟುಕೊಳ್ಳಿ, ಅವತ್ತೇ ವಾದ ಬೇಡ.

ಅವನ ಅಂಗಿ, ಹಾಸಿಗೆಗಳಿಗೆ ಅವಸರವಿಲ್ಲ. ಅವ್ವ ಹೇಳುವವರೆಗೆ ಒಗೆಯಲೂ ಬೇಡಿ, ವಾಸನೆ ಹೋದರೆ ಮತ್ತೆ ತರಲಾಗದು. ಬೈಕಿಗೆ ಮಾತ್ರ ಗಡುವಿದೆ. ಮಾಲೀಕ ತೀರಿಕೊಂಡ ಮೂರು ತಿಂಗಳೊಳಗೆ ವಾರಸುದಾರರ ಹೆಸರಿಗೆ ವರ್ಗಾಯಿಸಲು ಆರ್.ಟಿ.ಒ. ಕಚೇರಿಗೆ ಫಾರ್ಮ್ 31 ಕೊಡಬೇಕು, ಜೊತೆಗೆ ಮರಣ ಪ್ರಮಾಣಪತ್ರ, ಆರ್.ಸಿ., ಇನ್ಶೂರೆನ್ಸ್. ನಿಮಗೆ ಇನ್ನೆರಡು ವಾರ ಇದೆ. ಅಪ್ಪನ ಹೆಸರಿಗೆ ಮಾಡಿಸಿ ಇಡಿ, ಇಟ್ಟುಕೊಳ್ಳುವುದೋ ಕೊಡುವುದೋ ಆಮೇಲೆ ನೋಡಿದರಾಯಿತು. ಮಾರುವ ಹೊತ್ತು ಬಂದರೆ ನಾಲ್ಕು ಸಾವಿರ ಕಡಿಮೆ ಬಂದರೂ ಸರಿ, ನಿಮ್ಮ ಓಣಿಯವರಿಗೆ ಮಾರಬೇಡಿ. ಅದೇ ಸಪ್ಪಳ ದಿನಾ ರಾತ್ರಿ ನಿಮ್ಮ ಬಾಗಿಲ ಮುಂದೆ ಹಾದುಹೋಗುತ್ತದೆ.